ಆ ಐಪಾಡ್ ಎಸೆಯಬೇಡ ಅಮ್ಮ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು "ಆ ಐಪಾಡ್ ಸತ್ತೇಹೋಯ್ತು ಕಣೆ, ಎಸೆದುಬಿಡ್ಲಾ?" ಅಂದಾಗಿನಿಂದ ನನಗೆ ಸಮಾಧಾನವಿಲ್ಲ. ಹಾಡು ಕೇಳುವ ಆ ಪುಟ್ಟ ಯಂತ್ರದಲ್ಲಿ ಅಜ್ಜಿಯ ದನಿ ಇದೆ. ಅಜ್ಜಿ ಹಾಡಿದ್ದನ್ನು ರೆಕಾರ್ಡ್ ಮಾಡಿ ನಾನೇ ಅದಕ್ಕೆ ತುಂಬಿದ್ದೆ. ಹಾಡು ಇಟ್ಟಿದ್ದ ನನ್ನ ಹಳೇ ಕಂಪ್ಯೂಟರ್ ಕೆಟ್ಟ ಮೇಲೆ ಉಳಿದಿರುವುದು ಅದೊಂದೇ. ಹೊಸದು ತಂದರಾಯಿತು ಅನ್ನುವ ಹಾಗೂ ಇಲ್ಲ, ನಮ್ಮದು ಐಪಾಡ್ ಕ್ಲಾಸಿಕ್ ಅನ್ನುವ ಮಾದರಿ, ಅದನ್ನು ಮಾರುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ. ಈ ಪತ್ರ ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಮಾಡು.

ಮೊದಲು ಅದರ ಬೆನ್ನು ನೋಡು. ಸ್ಟೀಲ್ ಭಾಗ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಅಂತ. ಆಗ ಚಾರ್ಜ್‌ಗೆ ಹಾಕಬೇಡ, ಒತ್ತಲೂ ಬೇಡ, ಬೆಂಕಿ ಹತ್ತುವ ಭಯ ಇರುತ್ತದೆ. ನನಗೆ ಫೋನ್ ಮಾಡು.

ಉಬ್ಬಿಲ್ಲ ಅಂದರೆ ಮೇಲ್ತುದಿಯಲ್ಲಿರುವ ಪುಟ್ಟ ಸ್ವಿಚ್ ನೋಡು. ಅದಕ್ಕೆ ಹೋಲ್ಡ್ ಅಂತಾರೆ. ಪಕ್ಕದಲ್ಲಿ ಕಿತ್ತಳೆ ಬಣ್ಣ ಇಣುಕುತ್ತಿದ್ದರೆ ಲಾಕ್ ಆಗಿದೆ, ಎಷ್ಟು ಒತ್ತಿದರೂ ಮಿಸುಕುವುದಿಲ್ಲ. ಬಣ್ಣ ಮುಚ್ಚುವ ಹಾಗೆ ಸರಿಸು.

ಆಮೇಲೆ ಚಾರ್ಜ್‌ಗೆ ಹಾಕು. ತಿಂಗಳುಗಟ್ಟಲೆ ಸುಮ್ನೆ ಬಿದ್ದಿದ್ದರೆ ಬ್ಯಾಟರಿ ಪೂರ್ತಿ ಇಳಿದಿರುತ್ತದೆ. ಅರ್ಧ ಗಂಟೆಯಾದರೂ ಪರದೆ ಕಪ್ಪಗೇ ಇರಬಹುದು. ನೀನು ಐದು ನಿಮಿಷ ನೋಡಿ ಕಿತ್ತಿರುತ್ತೀಯ, ಅಲ್ವಾ? ಈ ಸಲ ಹಾಕಿಟ್ಟು ಬೇರೆ ಕೆಲಸ ನೋಡಿಕೋ.

ಆಗಲೂ ಎದ್ದೇಳದಿದ್ದರೆ ರೀಸೆಟ್ ಮಾಡಬೇಕು. ಹೋಲ್ಡ್ ಸ್ವಿಚ್ಚನ್ನು ಒಮ್ಮೆ ಹಾಕಿ ತೆಗೆ. ಚಕ್ರದ ಮೇಲ್ಭಾಗದಲ್ಲಿರುವ ಮೆನು, ನಡುವಿನ ದುಂಡನೆಯ ಬಟನ್, ಎರಡನ್ನೂ ಒಟ್ಟಿಗೆ ಒತ್ತಿ ಹಿಡಿ. ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸು. ಬೆರಳು ಜಾರಿದರೆ ಮತ್ತೆ ಮೊದಲಿಂದ. ಕಚ್ಚಿದ ಸೇಬಿನ ಗುರುತು ಮೂಡಿದ ಮೇಲೆ ಬಿಡು. ಇದರಿಂದ ಒಂದು ಹಾಡೂ ಅಳಿಸುವುದಿಲ್ಲ, ಹೆದರಬೇಡ.

ಹೆದರಬೇಕಾದ್ದು ರಿಸ್ಟೋರ್‌ಗೆ. ರೀಸೆಟ್ ಅಂದರೆ ಆಫ್ ಆಗಿ ಮತ್ತೆ ಎದ್ದೇಳುವುದು, ರಿಸ್ಟೋರ್ ಅಂದರೆ ಎಲ್ಲ ಅಳಿಸಿ ಹೊಸದರ ಹಾಗೆ ಮಾಡುವುದು. ಅಪ್ಪ ಅದನ್ನು ಕಂಪ್ಯೂಟರ್‌ಗೆ ಜೋಡಿಸಿದರೆ, ರಿಸ್ಟೋರ್ ಮಾಡಲಾ ಅಂತ ಕಂಪ್ಯೂಟರ್ ಪರದೆಯ ಮೇಲೆ ಕೇಳಬಹುದು. ಇಲ್ಲವೇ ಹಳೆಯದನ್ನು ಅಳಿಸಿ ಸಿಂಕ್ ಮಾಡಲಾ, ಅಂದರೆ ಕಂಪ್ಯೂಟರ್‌ನಲ್ಲಿರುವ ಹಾಡುಗಳನ್ನೇ ತುಂಬಲಾ ಅಂತ ಕೇಳಬಹುದು. ಎರಡಕ್ಕೂ ಒಪ್ಪಬೇಡಿ. ಒಪ್ಪಿದರೆ ಅಜ್ಜಿಯ ಹಾಡೂ ಹೋಗುತ್ತದೆ. ಅಂಗಡಿಯವರ ಕೈಗೆ ಕೊಟ್ಟರೂ ಇದನ್ನೇ ಮೊದಲು ಹೇಳಿ. ಹಾಡುಗಳೆಲ್ಲ ಒಳಗೆ ಒಂದು ಮರೆಯಾದ ಫೋಲ್ಡರ್‌ನಲ್ಲಿ ನಾಲ್ಕು ಅಕ್ಷರದ ಅರ್ಥವಿಲ್ಲದ ಹೆಸರಿಟ್ಟುಕೊಂಡು ಕೂತಿರುತ್ತವೆ. ಊರಿಗೆ ಬಂದಾಗ ನಾನೇ ಹುಡುಕಿ ಎರಡು ಕಡೆ ಕಾಪಿ ಮಾಡಿಡುತ್ತೇನೆ.

ಆನ್ ಆದ ಮೇಲೆ ಕಿವಿಗೆ ಹಿಡಿದು ನೋಡು. ಒಳಗೊಂದು ಪುಟ್ಟ ಹಾರ್ಡ್ ಡಿಸ್ಕ್ ತಿರುಗುತ್ತದೆ. ಮೆಲ್ಲನೆ ಗುಂಯ್ ಅಂದರೆ ಸರಿ. ಟಕ್ ಟಕ್ ಅಂತ ಬಡಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ ಎತ್ತಿಡು, ಮತ್ತೆ ಮತ್ತೆ ಆನ್ ಮಾಡಿದಷ್ಟೂ ಅದಕ್ಕೆ ಪೆಟ್ಟು ಜಾಸ್ತಿ.

ಒಂದೇ ಕಿವಿಗೆ ಕೇಳಿಸುತ್ತೆ ಅಂತಿದ್ದೆಯಲ್ಲ, ಬೇರೆ ಇಯರ್‌ಫೋನ್ ಹಾಕಿ ನೋಡು. ಅದರಲ್ಲೂ ಹಾಗೇ ಆದರೆ ಐಪಾಡ್‌ನಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತಿಗೆ ಟಾರ್ಚ್ ಬಿಟ್ಟು ನೋಡು. ಜೇಬಿನ ಬಟ್ಟೆಯ ಜುಂಗು ತಳದಲ್ಲಿ ಒತ್ತಿ ಕೂತಿರುತ್ತದೆ. ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸು. ಪಿನ್ನು ಮಾತ್ರ ಹಾಕಬೇಡ.

ಸೇಬಿನ ಗುರುತು ಬಂದ ಕೂಡಲೇ ಫೋನ್ ಮಾಡು. ಇಲ್ಲಿ ನಡುರಾತ್ರಿಯಾದರೂ ಪರವಾಗಿಲ್ಲ. ಅಜ್ಜಿಯ ಹಾಡು ಹಚ್ಚಿ, ಇಯರ್‌ಫೋನನ್ನು ಫೋನಿನ ಹತ್ತಿರ ಹಿಡಿ.

ಇಂತಿ ನಿನ್ನ ಪ್ರೀತಿಯ
ಮಗಳು