ಭಾನುವಾರ ಸೆಕ್ರೆಟೇರಿಯಟ್ ಎಂಬ ಕುದುರೆಯ ಓಟ ನೋಡೋಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಶಿರಸಿಯ ಬಿಡ್ಕಿಬೈಲು ಹತ್ತಿರ ನಮ್ಮ ಮಾಮೂಲಿ ಜಾಗದಲ್ಲೇ ಸೇರೋಣ. ನೋಡುವುದು 1973ರ ಜೂನ್ 9ರಂದು ಅಮೆರಿಕದಲ್ಲಿ ನಡೆದ ಬೆಲ್ಮಾಂಟ್ ಸ್ಟೇಕ್ಸ್ ಕುದುರೆ ಓಟದ ವಿಡಿಯೊ. ಓಡಿದ್ದು ಐದೇ ಕುದುರೆ, ದೂರ ಒಂದೂವರೆ ಮೈಲಿ.

ಶುರುವಿನಲ್ಲಿ ಶಾಮ್ ಎಂಬ ಕುದುರೆಯನ್ನು ಗಮನಿಸಿ. ಸೆಕ್ರೆಟೇರಿಯಟ್‌ಗೆ ಸರಿಸಮ ಓಡಿ, ಅರ್ಧ ದಾರಿಯಲ್ಲಿ ಸುಸ್ತಾಗಿ, ಕೊನೆಗೆ ಐದನೆಯದಾಗಿ ಬಂತು. ಪಾಪ, ಅದೂ ಒಳ್ಳೆಯ ಕುದುರೆಯೇ. ಆಮೇಲೆ ಸೆಕ್ರೆಟೇರಿಯಟ್ ಒಂದೇ. ಕ್ಯಾಮೆರಾ ದೂರ ಸರಿದರೂ ಹಿಂದಿನ ಕುದುರೆ ಕಾಣುವುದಿಲ್ಲ! ಅದರ ಜಾಕಿ (ಸವಾರ) ರಾನ್ ಟರ್ಕಾಟ್ ಎಡಕ್ಕೆ ಕತ್ತು ತಿರುಗಿಸಿ ಗಡಿಯಾರ ನೋಡುವ ಗಳಿಗೆ ತಪ್ಪಿಸಿಕೊಳ್ಳಬೇಡಿ. 31 ಕುದುರೆಯುದ್ದದ ಗೆಲುವು, 2 ನಿಮಿಷ 24 ಸೆಕೆಂಡ್. ಆ ದಾಖಲೆ ಇನ್ನೂ ಮುರಿದಿಲ್ಲ. 25 ವರ್ಷಗಳ ನಂತರ ಅಮೆರಿಕಕ್ಕೆ ಸಿಕ್ಕ ತ್ರಿವಳಿ ಕಿರೀಟವದು, ಅಂದರೆ ಒಂದೇ ವರ್ಷ ಅಲ್ಲಿನ ಮೂರು ದೊಡ್ಡ ಓಟಗಳನ್ನೂ ಗೆದ್ದ ಕುದುರೆಗೆ ಸಿಗುವ ಗೌರವ.

ಅವತ್ತು ಸಾವಿರಾರು ಜನ ಗೆದ್ದ ಬಾಜಿ ಟಿಕೆಟ್ ಕೊಟ್ಟು ದುಡ್ಡು ಪಡೆಯಲೇ ಇಲ್ಲ, ನೆನಪಿಗೆ ಇಟ್ಟುಕೊಂಡರು. ನನಗೆ ಇದೇ ಜಾಸ್ತಿ ಇಷ್ಟ.

ಗುಂಪಿನಲ್ಲಿ ಬಾಜಿಯ ಲಿಂಕ್, ಟಿಪ್ಸ್ ದಯವಿಟ್ಟು ಹಾಕಬೇಡಿ. ಹಾಕಿದರೆ ಅಳಿಸುತ್ತೇವೆ. ಮಕ್ಕಳನ್ನೂ ಕರೆತನ್ನಿ. ಕರೆಂಟ್ ನಂಬುವಂತಿಲ್ಲ ಅಲ್ವಾ, ಯಾರಾದರೂ ಚಾರ್ಜ್ ಮಾಡಿದ ಲ್ಯಾಪ್‌ಟಾಪ್ ತರುವಿರಾದರೆ ಶನಿವಾರದೊಳಗೆ ಇಲ್ಲೇ ತಿಳಿಸಿ.