ಮಗಳಿಗೊಂದು ಪತ್ರ: ಎಲಿನರ್ ಮೆಟ್ಟಿಲ ಮೇಲೆ ಕುಡಿದ ಚಹಾ

ಮೈಸೂರು

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಂಗ್ಲೆಂಡಿನ ಪ್ಲಿಮತ್ ಊರಿನ ಅಂಚಿನಲ್ಲಿರುವ ಸಾಲ್ಟ್ರಮ್ ಬಂಗಲೆಯ ಮುಂದೆ ನಿಂತು ನೀನು ತೆಗೆಸಿಕೊಂಡ ಫೋಟೊ ತಲುಪಿತು. ಆ ಮನೆಯನ್ನು ನಾನು ನೋಡಿದ ಕೂಡಲೇ ಗುರುತಿಸಿದೆ. ಜೇನ್ ಆಸ್ಟಿನ್ ಬರೆದ 1811ರ ಕಾದಂಬರಿಯನ್ನು ಆಧರಿಸಿ 1995ರಲ್ಲಿ ತೆರೆಗೆ ಬಂದ ‘ಸೆನ್ಸ್ ಆಂಡ್ ಸೆನ್ಸಿಬಿಲಿಟಿ’ ಚಿತ್ರದಲ್ಲಿ ಡ್ಯಾಶ್‌ವುಡ್ ಕುಟುಂಬ ಕಳೆದುಕೊಳ್ಳುವ ನಾರ್ಲೆಂಡ್ ಮನೆ ಅದೇ. ಫೋಟೊದ ಜೊತೆಗೆ ನೀನು ಬರೆದ ಮಾತನ್ನು ಮಾತ್ರ ಸುಮ್ಮನೆ ಬಿಡಲು ನನಗೆ ಮನಸ್ಸಾಗಲಿಲ್ಲ. ಚಿತ್ರ ಇಷ್ಟವಾಯಿತು, ಮೇರಿಯಾನ್ ತುಂಬ ಇಷ್ಟವಾದಳು, ಆದರೆ ಅವಳ ಅಕ್ಕ ಎಲಿನರ್ ಕಲ್ಲಿನಂಥವಳು, ಪ್ರೀತಿಸುವವನು ಕೈತಪ್ಪಿ ಹೋಗುತ್ತಿದ್ದರೂ ತುಟಿ ಬಿಚ್ಚದವಳು ಎಂದು ಬರೆದಿದ್ದೀಯೆ. ಅದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವುದಕ್ಕಿಂತ ಕೂತು ಬರೆಯುವುದು ಸರಿ ಎನಿಸಿತು.

ಚಿತ್ರ ಶುರುವಾಗುವುದು ಪ್ರೀತಿಯಿಂದಲ್ಲ, ಸಾವಿನಿಂದ ಎಂಬುದನ್ನು ಮೊದಲು ನೆನಪು ಮಾಡಿಕೊ. ಹಾಸಿಗೆ ಹಿಡಿದ ತಂದೆ ಮೊದಲ ಹೆಂಡತಿಯ ಮಗ ಜಾನ್‌ನನ್ನು ಕರೆಸಿ, ಎರಡನೆಯ ಹೆಂಡತಿಯನ್ನೂ ಮೂವರು ಹೆಣ್ಣುಮಕ್ಕಳನ್ನೂ ಕೈಬಿಡಬೇಡವೆಂದು ಮಾತು ತೆಗೆದುಕೊಳ್ಳುತ್ತಾನೆ. ಮನೆಯೂ ಜಮೀನೂ ಮಗನಿಗೆ. ಈ ನಾಲ್ವರು ಹೆಂಗಸರಿಗೆ ಉಳಿಯುವುದು ವರ್ಷಕ್ಕೆ 500 ಪೌಂಡ್. ತಂಗಿಯರಿಗೆ 3,000 ಪೌಂಡ್ ಕೊಡಬೇಕೆಂದು ಜಾನ್ ಪ್ರಾಮಾಣಿಕವಾಗಿಯೇ ಯೋಚಿಸಿರುತ್ತಾನೆ. ಅವನ ಹೆಂಡತಿ ಫ್ಯಾನಿ ಅದನ್ನು ಮೊದಲು ಅರ್ಧಕ್ಕೆ ಇಳಿಸುತ್ತಾಳೆ, ಆಮೇಲೆ ವರ್ಷಕ್ಕಿಷ್ಟು ಎಂಬಲ್ಲಿಗೆ ತರುತ್ತಾಳೆ, ಕೊನೆಗೆ ಆಗೊಮ್ಮೆ ಈಗೊಮ್ಮೆ ಕೊಡುವ ಕೈಕಾಸಿಗೆ ನಿಲ್ಲಿಸುತ್ತಾಳೆ. ಎಲ್ಲಿಯೂ ದನಿ ಏರುವುದಿಲ್ಲ. ಪ್ರತಿಯೊಂದು ಮಾತೂ ಕೇಳಲು ನ್ಯಾಯವಾಗಿಯೇ ಇರುತ್ತದೆ. ಉಪನೋಂದಣಿ ಕಚೇರಿಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ನನಗೆ ಆ ದೃಶ್ಯ ಪರದೇಶದ್ದೆಂದು ಅನ್ನಿಸಲೇ ಇಲ್ಲ. ತವರಿನ ಬಾಗಿಲು ಮುಚ್ಚದಿರಲಿ, ಗೌರಿಹಬ್ಬದ ಅರಿಶಿನ ಕುಂಕುಮ ತಪ್ಪದಿರಲಿ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೋದ ಎಷ್ಟೋ ಹೆಣ್ಣುಮಕ್ಕಳ ಮುಖ ನನ್ನ ಕಣ್ಣ ಮುಂದಿದೆ. ಅವರನ್ನು ಕರೆತಂದವರೂ ಹೀಗೆಯೇ ಮೆಲುದನಿಯಲ್ಲಿ ಮಾತನಾಡುತ್ತಿದ್ದರು.

ಮನೆ ತಂದೆಯಿಂದ ಮಗನಿಗೆ ಹೋಗುತ್ತದೆ, ಮಗಳಿಗೆ ಬರುವುದಿಲ್ಲ ಎಂದು ಪುಟ್ಟ ತಂಗಿ ಮಾರ್ಗರೆಟ್‌ಗೆ ತಿಳಿಸಿ ಹೇಳುವವಳು ಎಲಿನರ್. ಆಳುಗಳನ್ನು ಕಳಿಸಿಕೊಡುವ ಮಾತು ಬಂದಾಗ ಮುಂದೆ ನಿಲ್ಲುವವಳೂ ಅವಳೇ. ಡೆವನ್‌ನ ಚಿಕ್ಕ ಮನೆಗೆ ಬಂದ ಮೇಲೆ, ಸಕ್ಕರೆ ನಿಲ್ಲಿಸಿದ್ದು ಸಾಲದೆ ಈಗ ದನದ ಮಾಂಸವನ್ನೂ ನಿಲ್ಲಿಸುತ್ತೀಯಾ ಎಂದು ತಾಯಿ ಕೇಳುತ್ತಾಳೆ. ಒಂದು ಪೌಂಡ್ ತೂಕಕ್ಕೆ ಹತ್ತು ಪೆನ್ಸ್‌ಗಿಂತ ಕಡಿಮೆಗೆ ಎಲ್ಲಿಯೂ ಸಿಗುವುದಿಲ್ಲವೆಂದು ಮಗಳು ಉತ್ತರಿಸುತ್ತಾಳೆ. ಒಂದು ಮನೆಯಲ್ಲಿ ತಾಯಿ ಮಗುವಿನಂತೆಯೂ ಮಗಳು ತಾಯಿಯಂತೆಯೂ ಆಗಿಬಿಟ್ಟಿರುವುದು ಆ ಎರಡು ಮಾತಿನಲ್ಲಿ ಸ್ಪಷ್ಟವಾಗುತ್ತದೆ. ತಾನು ಪ್ರೀತಿಸುವ ಎಡ್ವರ್ಡ್ ಜೊತೆ ಕುದುರೆ ಸವಾರಿ ಹೋದಾಗ ಅವಳು ಆಡುವ ಮಾತನ್ನೂ ಗಮನಿಸು. ತನಗೆ ಮಾಡಲು ಕೆಲಸವಿಲ್ಲ ಎಂಬ ಅವನ ಕೊರಗಿಗೆ, ಯಾವ ಕೆಲಸದ ಆಸೆಯನ್ನೂ ಇಟ್ಟುಕೊಳ್ಳಲಾಗದ ನಮ್ಮ ಪಾಡೇನು ಎನ್ನುತ್ತಾಳೆ. ಹಾಗಾದರೆ ನಮ್ಮಿಬ್ಬರದೂ ಒಂದೇ ಸ್ಥಿತಿಯೆಂದು ಅವನೆಂದಾಗ, ನಿಮ್ಮ ಪಾಲಿನ ಆಸ್ತಿ ಒಂದು ದಿನ ನಿಮಗೆ ಬರುತ್ತದೆ, ನಾವು ದುಡಿದು ಕೂಡ ಗಳಿಸುವಂತಿಲ್ಲ ಎಂದು ತಿದ್ದುತ್ತಾಳೆ. ಕಲ್ಲಿನಂಥವಳು ಆಡುವ ಮಾತೇ ಇದು?

ಹೆಸರಿನಿಂದಲೂ ತಪ್ಪು ತಿಳಿವಳಿಕೆ ಆಗುವುದುಂಟು. ಆ ಕಾಲದ ಇಂಗ್ಲಿಷಿನಲ್ಲಿ ‘ಸೆನ್ಸಿಬಿಲಿಟಿ’ ಎಂದರೆ ಭಾವಗಳಿಗೆ ತಕ್ಷಣ ಮಿಡಿಯುವ, ಆ ಮಿಡಿತವನ್ನು ಮುಚ್ಚಿಡದ ಸ್ವಭಾವ. ಅಕ್ಕನಿಗೆ ವಿವೇಕ, ತಂಗಿಗೆ ಭಾವ ಎಂದು ಹಂಚಿಟ್ಟಂತೆ ಮೇಲುನೋಟಕ್ಕೆ ಕಾಣುತ್ತದೆ. ನಾನೂ ಮೊದಲ ಸಲ ಹಾಗೆಯೇ ನೋಡಿದ್ದೆ. ಕೇಟ್ ವಿನ್ಸ್ಲೆಟ್ ಆ ಮೇರಿಯಾನ್ ಪಾತ್ರಕ್ಕೆ ಎಂಥ ಜೀವ ತುಂಬಿದ್ದಾಳೆ! ಷೇಕ್ಸ್‌ಪಿಯರನ ಸಾನೆಟ್ಟನ್ನು ತಾನು ಮನಸೋತ ವಿಲೋಬಿಯೊಂದಿಗೆ ಸೇರಿ ಹೇಳುವಾಗ ಇದ್ದ ಬೆಳಕು, ಅದೇ ಸಾಲುಗಳನ್ನು ಮಳೆಯಲ್ಲಿ ನೆನೆಯುತ್ತ ಅವನ ಮನೆಯನ್ನು ದೂರದಿಂದ ನೋಡಿ ಹೇಳುವಾಗ ಆರಿಹೋಗಿರುವ ರೀತಿ, ಇವೆರಡನ್ನೂ ಕಂಡು ಅವಳನ್ನು ಇಷ್ಟಪಡದೆ ಇರುವುದು ಕಷ್ಟ. ಕೊನೆಗೆ ಅವಳಿಗಿಂತ ಅಷ್ಟು ದೊಡ್ಡವನಾದ ಕರ್ನಲ್ ಬ್ರ್ಯಾಂಡನ್‌ನೊಂದಿಗೆ ಆಗುವ ಮದುವೆಗೆ ಮಾತ್ರ, ಆಲನ್ ರಿಕ್ಮನ್ ಎಷ್ಟೇ ಘನತೆಯಿಂದ ನಟಿಸಿದ್ದರೂ, ನನ್ನ ಮನಸ್ಸು ಇಂದಿಗೂ ಪೂರ್ತಿ ಒಪ್ಪಿಲ್ಲ.

ಈಗ ನಾನು ಹೇಳಬೇಕೆಂದಿದ್ದ ದೃಶ್ಯಕ್ಕೆ ಬರುತ್ತೇನೆ. ವಿಲೋಬಿ ಇದ್ದಕ್ಕಿದ್ದಂತೆ ಲಂಡನ್ನಿಗೆ ಹೊರಟುಹೋದ ದಿನ ಮೇರಿಯಾನ್ ಅಳುತ್ತ ಮಹಡಿಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ತಾಯಿಯೂ ಪುಟ್ಟ ತಂಗಿಯೂ ಒಬ್ಬರ ಹಿಂದೆ ಒಬ್ಬರು ತಮ್ಮ ತಮ್ಮ ಕೋಣೆ ಸೇರಿ ಅಳಲು ಶುರುಮಾಡುತ್ತಾರೆ. ತಂಗಿಗೆಂದು ಚಹಾ ತಂದ ಎಲಿನರ್‌ಗೆ ಮೂರೂ ಬಾಗಿಲು ಮುಚ್ಚಿವೆ. ಅವಳು ಕಪ್ಪನ್ನು ಹಿಡಿದು ಒಂದು ಗಳಿಗೆ ನಿಂತು, ಮೆಟ್ಟಿಲ ಮೇಲೆ ಕುಳಿತು, ಆ ಚಹಾವನ್ನು ತಾನೇ ಕುಡಿಯುತ್ತಾಳೆ. ಚಿತ್ರಮಂದಿರದಲ್ಲಿ ಜನ ನಗಬಹುದಾದ ಗಳಿಗೆ ಅದು. ನನಗೆ ಮಾತ್ರ ಗಂಟಲು ಕಟ್ಟಿತು. ಆ ಮನೆಯಲ್ಲಿ ಅಳುವುದಕ್ಕೆ ಇದ್ದ ಕೋಣೆಗಳೆಲ್ಲ ತುಂಬಿಹೋಗಿದ್ದವು, ಮಗಳೇ. ಅವಳಿಗೆ ಉಳಿದದ್ದು ಮೆಟ್ಟಿಲು.

ಗಂಟಲು ಕಟ್ಟಲು ಕಾರಣ ನಿನ್ನ ದೊಡ್ಡಮ್ಮ. ನಿನ್ನ ತಾತ 1988ರಲ್ಲಿ ತೀರಿಕೊಂಡಾಗ ನನಗೆ ಹತ್ತೊಂಬತ್ತು, ಅವಳಿಗೆ ಇಪ್ಪತ್ತಮೂರು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಬಿಟ್ಟು. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ನಾವು ಮನೆ ಬಿಟ್ಟು ಹೊರಟಾಗ ನಾನೂ ಅಜ್ಜಿಯೂ ಅಳುತ್ತ ಕೂತಿದ್ದೆವು, ಅವಳು ಸಾಮಾನು ಕಟ್ಟುತ್ತಿದ್ದಳು, ರೇಷನ್ ಕಾರ್ಡು ಬದಲಾಯಿಸಲು ಓಡಾಡುತ್ತಿದ್ದಳು, ಹಾಲಿನವನ ಬಾಕಿ ತೀರಿಸುತ್ತಿದ್ದಳು. ಅಪ್ಪ ಹೋದರೂ ಇವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲವಲ್ಲ ಎಂದು ನಾನು ಎಲ್ಲರ ಎದುರಿಗೇ ಅಂದುಬಿಟ್ಟೆ. ಅವಳು ಉತ್ತರ ಕೊಡಲಿಲ್ಲ. ನೀನು ಎಲಿನರ್ ಬಗ್ಗೆ ಬರೆದ ಮಾತು ಮೂವತ್ತು ವರ್ಷಕ್ಕೂ ಹಿಂದೆ ನನ್ನ ಬಾಯಿಂದಲೇ ಬಂದಿದ್ದ ಮಾತು.

ಚಿತ್ರದಲ್ಲಿ ಎಲಿನರ್ ಉತ್ತರ ಕೊಡುತ್ತಾಳೆ. ಎಡ್ವರ್ಡ್‌ಗೆ ಲೂಸಿ ಎಂಬವಳೊಂದಿಗೆ ಗುಟ್ಟಾಗಿ ಮದುವೆ ನಿಶ್ಚಯವಾಗಿದೆಯೆಂಬುದನ್ನು ಲೂಸಿಯ ಬಾಯಿಂದಲೇ ಕೇಳಿ, ಕೊಟ್ಟ ಮಾತಿಗೆ ಕಟ್ಟುಬಿದ್ದು, ತಂಗಿಯ ದುಃಖಕ್ಕೆ ಸಮಾಧಾನ ಹೇಳುತ್ತಲೇ ತನ್ನದನ್ನು ನುಂಗಿಕೊಂಡವಳು, ನಿನಗೆ ಹೃದಯವೇ ಇಲ್ಲವೆಂಬ ಅರ್ಥದ ಮಾತು ತಂಗಿಯಿಂದ ಬಂದಾಗ ಸಿಡಿಯುತ್ತಾಳೆ: ನನ್ನ ಹೃದಯದ ವಿಷಯ ನಿನಗೇನು ಗೊತ್ತು? ಮುಂದೆ ಮೇರಿಯಾನ್ ಜ್ವರದಲ್ಲಿ ಸಾವಿನ ಅಂಚಿಗೆ ಹೋದಾಗ, ಉಳಿದದ್ದನ್ನೆಲ್ಲ ಸಹಿಸುತ್ತೇನೆ, ನನ್ನನ್ನು ಒಂಟಿಯಾಗಿ ಬಿಟ್ಟುಹೋಗಬೇಡ ಎಂದು ಹಾಸಿಗೆಯ ಬಳಿ ಬೇಡಿಕೊಳ್ಳುವವಳೂ ಇವಳೇ. ಎಡ್ವರ್ಡ್ ಮದುವೆಯಾಗಿಲ್ಲವೆಂದು ತಿಳಿದ ಗಳಿಗೆಯಲ್ಲಿ ಕಾದಂಬರಿಯ ಎಲಿನರ್ ಕೋಣೆಯಿಂದ ಓಡಿಹೋಗಿ, ಬಾಗಿಲು ಮುಚ್ಚಿದ ಮೇಲೆ ಆನಂದದಿಂದ ಅಳುತ್ತಾಳೆ. ಚಿತ್ರದ ಎಲಿನರ್ ಅವನ ಎದುರಿಗೇ, ಕುರ್ಚಿಯಲ್ಲಿ ಕುಳಿತಲ್ಲೇ, ಬಿಕ್ಕಿ ಬಿಕ್ಕಿ ಅಳುತ್ತಾಳೆ. ಅಷ್ಟು ದಿನ ಕೋಣೆ ಸಿಗದವಳು ಎಲ್ಲರ ಮುಂದೆ ಅತ್ತಳು ಎಂದು ನನಗೆ ಅನ್ನಿಸುತ್ತದೆ, ಆ ಬದಲಾವಣೆ ಮೂಲಕ್ಕೆ ಅನ್ಯಾಯ ಮಾಡಿದ್ದೆಂದು ಅನ್ನಿಸುವುದಿಲ್ಲ.

ಈ ಬದಲಾವಣೆಗಳನ್ನೆಲ್ಲ ಬರೆದವಳು ಎಲಿನರ್ ಪಾತ್ರ ಮಾಡಿದ ಎಮಾ ಥಾಂಪ್ಸನ್. ಕಾದಂಬರಿಯಲ್ಲಿ ಎಲಿನರ್‌ಗೆ 19 ವರ್ಷ. ಚಿತ್ರ ಬಂದಾಗ ಥಾಂಪ್ಸನ್‌ಗೆ 36. ಆ ವಯಸ್ಸಿನಿಂದ ಚಿತ್ರಕ್ಕೆ ಲಾಭವೇ ಆಯಿತು, ಕಾಲ ಮೀರಿ ಹೋಗುತ್ತಿದೆಯೆಂಬ ಅಳಲು ಮಾತಿಲ್ಲದೆ ಕಾಣುತ್ತದೆ. ಚಿತ್ರಕಥೆಗೆ ಅವಳಿಗೆ ಆಸ್ಕರ್ ಬಂತು. ನಟನೆಗೆ ಮೊದಲೇ ಬಂದಿತ್ತು, ನಟನೆ ಮತ್ತು ಬರವಣಿಗೆ ಎರಡಕ್ಕೂ ಅದನ್ನು ಪಡೆದವರು ಬೇರೆ ಯಾರೂ ಇಲ್ಲ. ನಿರ್ದೇಶಕ ಆಂಗ್ ಲೀ ತೈವಾನಿನವನು, ಇಂಗ್ಲಿಷಿನಲ್ಲಿ ಅದು ಅವನ ಮೊದಲ ಚಿತ್ರ. ಅದಕ್ಕೆ ಮುಂಚೆ ಅವನು ತೆಗೆದದ್ದು ತಂದೆ ಮಕ್ಕಳ ನಡುವೆ ಆಡದೆ ಉಳಿಯುವ ಮಾತುಗಳ ಚಿತ್ರಗಳನ್ನು. ಮನೆಯ ಹಿರಿಮಗಳು ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಬದಲಾವಣೆ ನನ್ನನ್ನು ಬಹಳ ದಿನ ಕಾಡಿತು. ಕಾದಂಬರಿಯಲ್ಲಿ ಮೇರಿಯಾನಳ ಪಿಯಾನೊ ಉಳಿದ ಸಾಮಾನಿನ ಜೊತೆ ಡೆವನ್‌ಗೆ ಬರುತ್ತದೆ. ಚಿತ್ರದಲ್ಲಿ ಅದು ಹಿಂದೆಯೇ ಉಳಿಯುತ್ತದೆ, ಕೊನೆಯ ಭಾಗದಲ್ಲಿ ಕರ್ನಲ್ ಒಂದು ಚಿಕ್ಕ ಪಿಯಾನೊ ಕಳಿಸಿಕೊಡುತ್ತಾನೆ. ಈ ಕತೆ ಬರೆದ ಜೇನ್ ಆಸ್ಟಿನ್ ಬಾಳಿನಲ್ಲಿ ನಡೆದದ್ದು ಚಿತ್ರದಂತೆ, ಅವಳ ಪುಸ್ತಕದಂತಲ್ಲ. 1801ರಲ್ಲಿ ತಂದೆ ಸ್ಟೀವನ್‌ಟನ್ ಬಿಟ್ಟು ಬಾತ್ ನಗರಕ್ಕೆ ಹೊರಟಾಗ ಪುಸ್ತಕಗಳೂ ಪಿಯಾನೊ ಕೂಡ ಮಾರಾಟವಾದವು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ, ಅಕ್ಕ ಕಸಾಂಡ್ರ, ಜೇನ್ ಮೂವರೂ ಅಣ್ಣತಮ್ಮಂದಿರ ಕೈ ನೋಡಬೇಕಾಯಿತು. 1809ರಲ್ಲಿ ಒಬ್ಬ ಅಣ್ಣ ಚಾಟನ್ ಊರಿನ ತನ್ನ ಮನೆಯೊಂದನ್ನು ಬಿಟ್ಟುಕೊಟ್ಟ ಮೇಲೆಯೇ ಅವಳು ಹಳೆಯ ಬರಹವನ್ನು ಮತ್ತೆ ತಿದ್ದಲು ಕುಳಿತದ್ದು. 1811ರಲ್ಲಿ ಪುಸ್ತಕ ಮೂರು ಸಂಪುಟಗಳಲ್ಲಿ ಬಂತು, ನಷ್ಟವಾದರೆ ತಾನೇ ಹೊರುವ ಒಪ್ಪಂದದ ಮೇಲೆ. ಹೆಸರಿನ ಜಾಗದಲ್ಲಿ ‘ಒಬ್ಬ ಮಹಿಳೆ’ ಎಂದಷ್ಟೇ ಇತ್ತು. ಮೊದಲ ಮುದ್ರಣ ಮಾರಾಟವಾಗಿ ಅವಳಿಗೆ 140 ಪೌಂಡ್ ಬಂತು. ದುಡಿದು ಗಳಿಸುವಂತಿಲ್ಲ ಎಂದು ಎಲಿನರ್ ಹೇಳುವುದು ಚಿತ್ರದಲ್ಲಿ. ಅವಳನ್ನು ಸೃಷ್ಟಿಸಿದವಳು ಗಳಿಸಿದಳು.

ಕಳೆದ ಯುಗಾದಿಗೆ ದೊಡ್ಡಮ್ಮ ಬಂದಾಗ ಈ ಚಿತ್ರವನ್ನು ಇಬ್ಬರೂ ಕೂತು ನೋಡಿದೆವು. ಮೆಟ್ಟಿಲ ದೃಶ್ಯ ಬಂದಾಗ ನಾನು ಅವಳ ಮುಖ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು, ‘ಅಷ್ಟು ಹೊತ್ತಿಗೆ ಆ ಚಹಾ ಆರಿಹೋಗಿರುತ್ತೆ, ಪಾಪ’ ಎಂದಳು. 1988ರ ಮಾತಿಗೆ ಅಂದು ರಾತ್ರಿ ನಾನು ಕ್ಷಮೆ ಕೇಳಿದೆ.

ಮುಂದಿನ ರಜೆಯಲ್ಲಿ ಹ್ಯಾಂಪ್‌ಷೈರಿಗೆ ಹೋಗಲು ಸಾಧ್ಯವಾದರೆ ಚಾಟನ್‌ನ ಆ ಮನೆಯನ್ನು ನೋಡಿ ಬಾ, ಈಗ ಅದು ವಸ್ತುಸಂಗ್ರಹಾಲಯ. ಅಲ್ಲಿ ಜೇನ್ ಬರೆಯುತ್ತಿದ್ದ ಹನ್ನೆರಡು ಮೂಲೆಯ ಪುಟ್ಟ ಮರದ ಮೇಜಿದೆ, ನಮ್ಮ ಮನೆಯ ತುಳಸಿಕಟ್ಟೆಯ ಮೇಲುಭಾಗದಷ್ಟೂ ಅಗಲವಿಲ್ಲ. ಫೋಟೊ ತೆಗೆಯಲು ಬಿಟ್ಟರೆ ಒಂದನ್ನು ತೆಗೆದು ನನಗಿಂತ ಮೊದಲು ದೊಡ್ಡಮ್ಮನಿಗೆ ಕಳಿಸು.

ನಿನ್ನ
ಅಮ್ಮ