ಅಪಘಾತ ಪರಿಹಾರ: ಅವಾರ್ಡ್ ಜೊತೆ ಮೇಲ್ಮನವಿಯ ಮಾಹಿತಿಯೂ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನ್ಯಾಯಾಧಿಕರಣ ಕೊಟ್ಟಿದ್ದ ಪರಿಹಾರವನ್ನು ಹೈಕೋರ್ಟ್ ಎರಡು ಪಟ್ಟು, ಮೂರು ಪಟ್ಟು ಹೆಚ್ಚಿಸಿತು ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಓದಿದವರಿಗೆ ಮೇಲಕ್ಕೆ ಹೋದರೆ ಹೇಗೂ ಹೆಚ್ಚು ಸಿಗುತ್ತದೆ ಅನ್ನಿಸುವುದು ಸಹಜ. ಆದರೆ ಮೇಲ್ಮನವಿಯಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷಿ ಇರುವುದಿಲ್ಲ. ವೈದ್ಯರು ಮತ್ತೆ ಕಟಕಟೆಗೆ ಬರುವುದಿಲ್ಲ. ಕೆಳಗಿನ ಕಡತದಲ್ಲಿ ಏನು ದಾಖಲಾಗಿದೆಯೋ ಅದನ್ನೇ ಹೈಕೋರ್ಟ್ ಓದಿ ತೂಗುತ್ತದೆ. ಈ ಮಾತು ಬಹಳಷ್ಟು ಗಾಯಾಳುಗಳ ಕಿವಿಗೆ ಬೀಳುವುದು ಅವಾರ್ಡ್, ಅಂದರೆ ನ್ಯಾಯಾಧಿಕರಣದ ತೀರ್ಪು, ಆದ ಮೇಲೆ. ಆಗ ಸರಿಪಡಿಸಲು ಉಳಿದಿರುವುದು ಅಷ್ಟಕ್ಕಷ್ಟೆ.

ಅವಾರ್ಡ್‌ನ ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಇರುತ್ತದೆ. ನೋವು ಮತ್ತು ಯಾತನೆ, ಆಸ್ಪತ್ರೆ ಖರ್ಚು, ಆಹಾರ-ಓಡಾಟ-ಆರೈಕೆಯ ವೆಚ್ಚ, ಹಾಸಿಗೆ ಹಿಡಿದಿದ್ದ ತಿಂಗಳುಗಳ ಆದಾಯ, ಮುಂದಿನ ದುಡಿಮೆಯ ನಷ್ಟ, ಜೀವನ ಸೌಖ್ಯದ ನಷ್ಟ, ಮುಂದಿನ ಚಿಕಿತ್ಸೆ ಎಂದು ಒಂದೊಂದಕ್ಕೂ ಮೊತ್ತ ಬರೆದಿರುತ್ತದೆ. ಜನ ನೋಡುವುದು ಕೆಳಗಿನ ಒಟ್ಟು ಮೊತ್ತವನ್ನು. ನೋಡಬೇಕಾದದ್ದು ‘ಮುಂದಿನ ದುಡಿಮೆಯ ನಷ್ಟ’ ಎಂಬ ಸಾಲನ್ನು. ಶಾಶ್ವತ ಊನ ಉಳಿದ ಪ್ರಕರಣಗಳಲ್ಲಿ ಮೇಲ್ಮನವಿಯ ಬಹುಪಾಲು ಜಗಳ ಆ ಒಂದು ಸಾಲಿನ ಸುತ್ತಲೇ ನಡೆಯುತ್ತದೆ.

ಒಂದು ಲೆಕ್ಕ ಮಾಡಿ ತೋರಿಸುವೆ. ತೊಡೆಯ ಮೂಳೆ ಮುರಿದ 34 ವರ್ಷದ ಗಾರೆ ಕೆಲಸದವರು ಎಂದಿಟ್ಟುಕೊಳ್ಳಿ. ತಿಂಗಳ ಆದಾಯ 15,000 ರೂಪಾಯಿ ಎಂದು ಹಿಡಿಯೋಣ. ಮೂಳೆ ವೈದ್ಯರು ಆ ಕಾಲಿಗೆ ಶೇ 36ರಷ್ಟು ಊನ ಎಂದು ಹೇಳಿದರು. ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ತೆಗೆದುಕೊಳ್ಳುವುದು ನಮ್ಮ ನ್ಯಾಯಾಧಿಕರಣಗಳಲ್ಲಿ ಬೇರೂರಿರುವ ರೂಢಿ. ಅಂದರೆ ಶೇ 12. ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕೆಂಬುದು ವಯಸ್ಸಿನ ಮೇಲೆ ನಿಂತಿದೆ, ಅದನ್ನೇ ಗುಣಕ ಎನ್ನುತ್ತಾರೆ. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ಪ್ರಕರಣದ (2009) ಪಟ್ಟಿಯಂತೆ 31ರಿಂದ 35 ವರ್ಷದವರಿಗೆ ಗುಣಕ 16. ಹದಿನೈದು ಸಾವಿರವನ್ನು 12 ತಿಂಗಳಿಂದ, ಆಮೇಲೆ 16ರಿಂದ ಗುಣಿಸಿ ಶೇ 12 ತೆಗೆದರೆ 3,45,600 ರೂಪಾಯಿ.

ಈ ಲೆಕ್ಕದಲ್ಲಿ ಎರಡು ಕೊರತೆ ಇವೆ. ಮೊದಲನೆಯದು ಭವಿಷ್ಯದ ಆದಾಯ ಏರಿಕೆ. ಪ್ರಣಯ್ ಸೇಥಿ ಪ್ರಕರಣದಲ್ಲಿ (2017) ಸಾವಿನ ಪರಿಹಾರಕ್ಕೆ ನಿಗದಿಯಾದ ಈ ಸೇರ್ಪಡೆ ಶಾಶ್ವತ ಊನದ ಗಾಯಾಳುಗಳಿಗೂ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2020ರ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸ್ವಂತ ದುಡಿಮೆಯವರು ನಲವತ್ತರೊಳಗಿದ್ದರೆ ಶೇ 40, ನಲವತ್ತರಿಂದ ಐವತ್ತರವರೆಗೆ ಶೇ 25, ಅರವತ್ತರವರೆಗೆ ಶೇ 10. ಶೇ 40 ಸೇರಿಸಿದರೆ ಮೇಲಿನ ಮೊತ್ತ 4,83,840 ಆಗುತ್ತದೆ. ಗಾಯದ ಪ್ರಕರಣಗಳ ಎಷ್ಟೋ ಅವಾರ್ಡ್‌ಗಳಲ್ಲಿ ಇದನ್ನು ಇಂದಿಗೂ ಸೇರಿಸಿರುವುದಿಲ್ಲ. ಗುಣಕ ತಪ್ಪಿದ್ದರೆ, ಏರಿಕೆ ಬಿಟ್ಟುಹೋಗಿದ್ದರೆ ಅದು ಕಾನೂನಿನ ಮತ್ತು ಗಣಿತದ ತಪ್ಪು. ಮೇಲ್ಮನವಿಯಲ್ಲಿ ತಿದ್ದಿಸಲು ಹೊಸ ಸಾಕ್ಷ್ಯ ಬೇಕಿಲ್ಲ.

ಎರಡನೆಯ ಕೊರತೆ ಹಾಗಲ್ಲ. ದೇಹದ ಊನ ಬೇರೆ, ದುಡಿಯುವ ಶಕ್ತಿಯ ನಷ್ಟ ಬೇರೆ ಎಂದು ರಾಜ್‌ಕುಮಾರ್ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಎಡಗೈ ಹೋದವರು ಚಾಲಕರೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು. ಸರ್ಕಾರಿ ಕಚೇರಿಯ ಗುಮಾಸ್ತರಾಗಿದ್ದರೆ ನೌಕರಿ ಹೋಗದೆಯೇ ಇರಬಹುದು. ಕರ್ನಾಟಕದಿಂದಲೇ ಹೋದ, 2014ರಲ್ಲಿ ತೀರ್ಮಾನವಾದ ಪ್ರಕರಣವೊಂದರಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಗೆ ಸುಪ್ರೀಂ ಕೋರ್ಟ್ ದುಡಿಮೆಯ ನಷ್ಟವನ್ನು ಶೇ 85 ಎಂದು ಹಿಡಿಯಿತು. ನಮ್ಮ ಗಾರೆ ಕೆಲಸದವರು ಸಾರುವೆ ಹತ್ತಲಾರರು, ಕುಕ್ಕರಗಾಲಲ್ಲಿ ಕೂತು ಗಾರೆ ಎಳೆಯಲಾರರು, ಸಿಮೆಂಟ್ ಚೀಲ ಹೊರಲಾರರು ಎಂದು ಕಡತದಲ್ಲಿ ಇದ್ದರೆ, ದುಡಿಮೆಯ ನಷ್ಟ ಶೇ 25 ಎಂದು ವಾದಿಸಲು ನೆಲ ಇರುತ್ತದೆ. ಆಗ ಅದೇ ಸಾಲಿನ ಮೊತ್ತ 10,08,000 ರೂಪಾಯಿ. ಕಡತದಲ್ಲಿ ಇಲ್ಲದಿದ್ದರೆ ಶೇ 12ಕ್ಕೇ ನಿಲ್ಲುವ ಸಂಭವವೇ ಹೆಚ್ಚು.

ಆ ಮಾತುಗಳು ಕಡತಕ್ಕೆ ಬರಬೇಕಾದದ್ದು ವೈದ್ಯರ ಸಾಕ್ಷ್ಯದಲ್ಲಿ. ಬಹಳ ಕಡೆ ಕೆಡುವುದೂ ಅಲ್ಲೇ. ಚಿಕಿತ್ಸೆ ನೀಡಿದ ವೈದ್ಯರು ಸಿಗಲಿಲ್ಲವೆಂದು, ಗಾಯಾಳುವನ್ನು ಒಮ್ಮೆ ನೋಡಿ ಪ್ರಮಾಣಪತ್ರ ಕೊಟ್ಟ ಬೇರೊಬ್ಬರನ್ನು ಕರೆಸುತ್ತಾರೆ. ಪಾಟಿ ಸವಾಲು ಮೂರೇ ವಾಕ್ಯದಲ್ಲಿ ಮುಗಿಯುತ್ತದೆ: ‘ನಾನು ಚಿಕಿತ್ಸೆ ನೀಡಿದ ವೈದ್ಯನಲ್ಲ ಎಂಬುದು ನಿಜ. ಮೂಳೆ ಕೂಡಿಕೊಂಡಿದೆ ಎಂಬುದು ನಿಜ. ಅರ್ಜಿದಾರರು ನಡೆಯಬಲ್ಲರು ಎಂಬುದು ನಿಜ.’ ಅರ್ಜಿದಾರರ ವಕೀಲರು ವೈದ್ಯರನ್ನು ಮತ್ತೆ ಪ್ರಶ್ನಿಸಿ ಸ್ಪಷ್ಟಪಡಿಸಿಕೊಳ್ಳುವುದಿಲ್ಲ. ಮುಂದೆ ಹೈಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ಈ ಮೂರು ವಾಕ್ಯಗಳನ್ನೇ ಓದುತ್ತಾರೆ. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ, ಕಾಲು ಎಷ್ಟು ಸೆಂಟಿಮೀಟರ್ ಗಿಡ್ಡವಾಗಿದೆ, ಸ್ನಾಯು ಎಷ್ಟು ಸೊರಗಿದೆ, ಮೂಳೆ ನೇರವಾಗಿ ಕೂಡಿದೆಯೋ ವಾರೆಯಾಗಿ ಕೂಡಿದೆಯೋ, ಹೊಸ ಎಕ್ಸ್‌ರೇ ಏನು ಹೇಳುತ್ತದೆ, ಇವೆಲ್ಲ ಮುಖ್ಯ ವಿಚಾರಣೆಯಲ್ಲೇ, ಅಂದರೆ ಪಾಟಿ ಸವಾಲಿಗೆ ಮೊದಲು ವೈದ್ಯರು ಹೇಳುವ ಸಾಕ್ಷ್ಯದಲ್ಲೇ, ಬರಬೇಕು. ಆ ಮೇಲೆ ‘ಈ ಕಾಲಿನಲ್ಲಿ ಇವರು ಮೊದಲಿನ ಕೆಲಸದ ಯಾವ ಭಾಗ ಮಾಡಲಾರರು?’ ಎಂಬ ಪ್ರಶ್ನೆಯನ್ನು ಅರ್ಜಿದಾರರ ವಕೀಲರು ಕೇಳಲೇಬೇಕು. ಶೇಕಡಾ ಅಂಕಿ ಮಾತ್ರ ಬರೆದು, ಅದು ಹೇಗೆ ಬಂತೆಂದು ಹೇಳದ ಪ್ರಮಾಣಪತ್ರಕ್ಕೆ ಮೇಲ್ಮನವಿಯಲ್ಲಿ ಬೆಲೆ ತೀರಾ ಕಡಿಮೆ.

ಮುಂದಿನ ಚಿಕಿತ್ಸೆಯ ವಿಷಯವೂ ಹಾಗೆಯೇ. ಪರಿಹಾರ ಒಮ್ಮೆ ಮಾತ್ರ ಸಿಗುವಂಥದ್ದು, ಆಮೇಲೆ ಮತ್ತೆ ಹೊಸ ಅವಾರ್ಡ್ ಇಲ್ಲ ಎಂಬುದು ನಾಗಪ್ಪ ಪ್ರಕರಣದಿಂದ (2002) ಖಚಿತವಾಗಿದೆ. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚನ್ನೂ ಕೊಡಬಹುದು ಎಂದದ್ದೂ ಅದೇ ತೀರ್ಪು. ಹಾಗಾಗಿ ರಾಡು, ಪ್ಲೇಟು ತೆಗೆಸುವ ಶಸ್ತ್ರಚಿಕಿತ್ಸೆಗೆ, ಕೃತಕ ಕಾಲನ್ನು ಆಗಾಗ ಬದಲಿಸುವುದಕ್ಕೆ ಎಷ್ಟು ಬೇಕೆಂಬ ಅಂದಾಜು ಪಟ್ಟಿಯನ್ನು ನ್ಯಾಯಾಧಿಕರಣದಲ್ಲೇ ಹಾಜರುಪಡಿಸಬೇಕು. ಹೈಕೋರ್ಟಿನಲ್ಲಿ ಹೆಚ್ಚುವರಿ ಸಾಕ್ಷ್ಯಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 27ರ ಬಾಗಿಲು ಇದೆ. ಅದು ಕಿರಿದು. ಮೊದಲೇ ಯಾಕೆ ತರಲಿಲ್ಲ ಎಂಬುದಕ್ಕೆ ನ್ಯಾಯಾಲಯ ಒಪ್ಪುವ ಉತ್ತರ ಬೇಕು. ಒಪ್ಪಿದರೂ ಪ್ರಕರಣ ಕೆಳಗೆ ಮರಳಿದರೆ ಮತ್ತಷ್ಟು ವರ್ಷ ಹೋಗುತ್ತವೆ.

ಆದಾಯಕ್ಕೆ ದಾಖಲೆ ಇಲ್ಲದ ಕೂಲಿಯವರು ಅಷ್ಟು ಅಂಜಬೇಕಿಲ್ಲ. ಲೋಕ ಅದಾಲತ್‌ಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ವರ್ಷವಾರು ಮಾಡಿರುವ ಅಂದಾಜು ಆದಾಯದ ಪಟ್ಟಿಯನ್ನು ಹೈಕೋರ್ಟ್ ಮೇಲ್ಮನವಿಗಳಲ್ಲೂ ಬಳಸುತ್ತ ಬಂದಿದೆ. ಅವಾರ್ಡ್ ಆ ಪಟ್ಟಿಗಿಂತ ಕಡಿಮೆ ಆದಾಯ ಹಿಡಿದಿದ್ದರೆ ಅದೊಂದೇ ಗಟ್ಟಿ ಕಾರಣವಾಗುತ್ತದೆ. ಅಪಾಯ ಇರುವುದು ಆಸ್ಪತ್ರೆಯ ಮೊದಲ ದಾಖಲೆಯಲ್ಲಿ. ಗಾಯಾಳುವನ್ನು ತಂದವರು ಗಡಿಬಿಡಿಯಲ್ಲಿ ‘ಬೈಕಿನಿಂದ ಬಿದ್ದರು’ ಎಂದರೆ ಆಸ್ಪತ್ರೆಯ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಪುಸ್ತಕದಲ್ಲಿ ಹಾಗೇ ಬರೆಯುತ್ತಾರೆ. ಎದುರಿನ ವಾಹನದ ಮಾತೇ ಇರುವುದಿಲ್ಲ. ದೂರು ಕೊಡಲು ತಡವಾದದ್ದನ್ನು ನ್ಯಾಯಾಲಯಗಳು ಮನ್ನಿಸುತ್ತವೆ, ಈ ಸಾಲನ್ನು ವಿವರಿಸಿ ದಾಟುವುದು ಕಷ್ಟ.

ಇನ್ನು ಅವಧಿ. ಮೋಟಾರು ವಾಹನ ಕಾಯ್ದೆಯ 173ನೇ ಕಲಮಿನಂತೆ ಅವಾರ್ಡ್ ಆದ ದಿನದಿಂದ 90 ದಿನ. ದೃಢೀಕೃತ ನಕಲು ತಯಾರಾಗಲು ಹಿಡಿದ ದಿನಗಳನ್ನು ಬಿಟ್ಟು ಎಣಿಸುತ್ತಾರೆ. ನಕಲಿನ ಹಿಂಬದಿಯ ಮುದ್ರೆ ನೋಡಿ: ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ. ಸಿದ್ಧವಾದ ಮೇಲೂ ತೆಗೆದುಕೊಳ್ಳದೆ ಕಳೆದ ದಿನಗಳು ನಿಮ್ಮ ಲೆಕ್ಕಕ್ಕೇ ಸೇರುತ್ತವೆ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು, ಆದರೆ ತಡವಾದ ಅವಧಿಗೆ ಹೆಚ್ಚುವರಿ ಮೊತ್ತದ ಮೇಲೆ ಬಡ್ಡಿ ಇಲ್ಲ ಎಂಬ ಷರತ್ತು ಸಾಮಾನ್ಯವಾಗಿ ಅಂಟಿಕೊಂಡೇ ಬರುತ್ತದೆ. ಇನ್ನೊಂದು ಗೋಡೆ ಇದೆ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿ ಇಲ್ಲ. ಮೊದಲು ಈ ಮಿತಿ 10,000 ರೂಪಾಯಿ ಇತ್ತು. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಲಕ್ಷಕ್ಕೆ ಏರಿತು. ದಿನಗೂಲಿಯವರಿಗೆ ತೊಂಬತ್ತು ಸಾವಿರವೇನೂ ಸಣ್ಣ ಮೊತ್ತವಲ್ಲ. ಈ ಮಿತಿ ಗಾಯಾಳುಗಳಿಗೆ ಅನ್ಯಾಯ ಮಾಡುತ್ತಿದೆ ಎಂದೇ ನನ್ನ ಅಭಿಪ್ರಾಯ.

ಮೇಲ್ಮನವಿ ಹಾಕುವುದು ವಿಮಾ ಕಂಪನಿಯೂ ಇರಬಹುದು. ಅದು 25,000 ರೂಪಾಯಿ ಅಥವಾ ಅವಾರ್ಡ್‌ನ ಅರ್ಧ, ಯಾವುದು ಕಡಿಮೆಯೋ ಅಷ್ಟನ್ನು ಠೇವಣಿ ಇಟ್ಟರೆ ಮೇಲ್ಮನವಿ ದಾಖಲಾಗುತ್ತದೆ. ತಡೆಯಾಜ್ಞೆ ಕೇಳಿದಾಗ ನ್ಯಾಯಾಲಯ ಸಾಮಾನ್ಯವಾಗಿ ಇನ್ನೂ ದೊಡ್ಡ ಮೊತ್ತ ಇಡಲು ಹೇಳುತ್ತದೆ, ಅದರಲ್ಲಿ ಒಂದಷ್ಟನ್ನು ಬಿಡಿಸಿಕೊಳ್ಳಲು ಗಾಯಾಳು ಅರ್ಜಿ ಹಾಕಬಹುದು. ಆದರೆ ಹೈಕೋರ್ಟಿನ ನೋಟಿಸ್ ಮನೆಗೆ ಬಂದಾಗ ‘ನಾವು ಗೆದ್ದಾಗಿದೆಯಲ್ಲ’ ಎಂದು ಪಕ್ಕಕ್ಕಿಡುವವರೇ ಹೆಚ್ಚು. ಹಾಗೆ ಮಾಡಬಾರದು. ನೋಟಿಸ್ ತಲುಪಿದ ಒಂದು ತಿಂಗಳೊಳಗೆ ಪ್ರತಿ ಆಕ್ಷೇಪಣೆ ಸಲ್ಲಿಸಿದರೆ, ಕಂಪನಿಯದೇ ಮೇಲ್ಮನವಿಯಲ್ಲಿ ಪರಿಹಾರ ಹೆಚ್ಚಿಸಲು ಕೇಳಬಹುದು. ಸ್ವಂತ ಮೇಲ್ಮನವಿಗೆ 90 ದಿನ ದಾಟಿಹೋಗಿದ್ದರೂ ಈ ದಾರಿ ತೆರೆದಿರುತ್ತದೆ. ಕಂಪನಿ ಆಮೇಲೆ ತನ್ನ ಮೇಲ್ಮನವಿ ಹಿಂತೆಗೆದುಕೊಂಡರೂ ಪ್ರತಿ ಆಕ್ಷೇಪಣೆ ಜೀವಂತ ಇರುತ್ತದೆ. ನೋಟಿಸಿನಲ್ಲಿರುವ ಎಂಎಫ್‌ಎ (ಮೇಲ್ಮನವಿ) ಸಂಖ್ಯೆ ಆರು ಅಂಕಿಯದಾಗಿದ್ದು 1ರಿಂದ ಶುರುವಾದರೆ ಧಾರವಾಡ ಪೀಠ, 2ರಿಂದ ಶುರುವಾದರೆ ಕಲಬುರಗಿ ಪೀಠ. ಅದನ್ನು ನೋಡದೆ ಬೆಂಗಳೂರಿಗೆ ಓಡುವವರಿದ್ದಾರೆ.

ಅವಾರ್ಡ್‌ನಲ್ಲಿ ವಿಮಾ ಕಂಪನಿಯನ್ನು ಬಿಟ್ಟು ವಾಹನ ಮಾಲೀಕರ ಮೇಲೆ ಮಾತ್ರ ಹೊಣೆ ಹೊರಿಸಿದ್ದರೆ ಮೇಲ್ಮನವಿ ಬಗ್ಗೆ ಎರಡು ಸಲ ಯೋಚಿಸಬೇಡಿ. ಆಸ್ತಿಯಿಲ್ಲದ ಮಾಲೀಕರಿಂದ ವಸೂಲು ಮಾಡುವುದು ಕಾಗದದ ಮೇಲಿನ ಮಾತು. ಚಾಲಕರಿಗೆ ಪರವಾನಗಿ ಇರಲಿಲ್ಲ ಎಂಬಂಥ ಪಾಲಿಸಿ ಷರತ್ತಿನ ಉಲ್ಲಂಘನೆ ಸಾಬೀತಾದರೂ, ಕಂಪನಿ ಮೊದಲು ಹೊರಗಿನ ಗಾಯಾಳುವಿಗೆ (ಮೂರನೇ ವ್ಯಕ್ತಿಗೆ) ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನಮ್ಮ ಹೈಕೋರ್ಟಿನ ಪೂರ್ಣಪೀಠ ಯಲ್ಲವ್ವ ಪ್ರಕರಣದಲ್ಲಿ (2020) ಹೇಳಿದೆ. ಲಘು ವಾಹನದ ಪರವಾನಗಿ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಮಾನಿಸಿದ ಮೇಲೆ, ಆ ನೆಪವೂ ಬಹಳ ಮಟ್ಟಿಗೆ ಹೋಗಿದೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡು ಹೋದವರ ಸ್ಥಿತಿ ಮಾತ್ರ ಇಷ್ಟು ಸಲೀಸಲ್ಲ.

ಲಾರಿಯ ಚಾಲಕರು, ಕ್ಲೀನರ್‌ಗಳು ನೌಕರರ ಪರಿಹಾರ ಕಾಯ್ದೆಯಡಿ (2025ರ ನವೆಂಬರ್‌ನಿಂದ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ) ಹೋಗಬೇಕೋ ಮೋಟಾರು ವಾಹನ ಕಾಯ್ದೆಯಡಿ ಹೋಗಬೇಕೋ ಎಂದು ಆರಿಸಿಕೊಳ್ಳುವಾಗ ಮೇಲ್ಮನವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊದಲನೆಯದರಲ್ಲಿ ಅವಧಿ 60 ದಿನ, ಅದೂ ಕಾನೂನಿನ ಗಂಭೀರ ಪ್ರಶ್ನೆ ಇದ್ದರೆ ಮಾತ್ರ. ಶೇಕಡಾ ಊನ ಕಡಿಮೆ ಹಿಡಿದರು ಎಂಬ ತಕರಾರು ಅಲ್ಲಿ ನಿಲ್ಲುವುದು ಕಷ್ಟ. ಹಾಗೆಯೇ ಲೋಕ ಅದಾಲತ್‌ನಲ್ಲಿ ರಾಜಿಗೆ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಸಹಿ ಮಾಡುವ ಮುನ್ನ ಮೊತ್ತ ಬಡ್ಡಿ ಸೇರಿಯೋ ಬಿಟ್ಟೋ ಎಂದು ಕೇಳಿ. ನಾಲ್ಕೈದು ವರ್ಷ ಹಳೆಯ ಪ್ರಕರಣದಲ್ಲಿ ಶೇ 6ರ ಬಡ್ಡಿಯೇ ಮೊತ್ತದ ಕಾಲು ಭಾಗದಷ್ಟಾಗುತ್ತದೆ.

ಇವೆಲ್ಲ ವಕೀಲರಿಗೆ ಗೊತ್ತಿರುವ ಸಂಗತಿಗಳೇ. ಗಾಯಾಳುವಿಗೆ ಗೊತ್ತಾಗುವ ವ್ಯವಸ್ಥೆ ಇಲ್ಲ. ಅವಾರ್ಡ್‌ನ ಪ್ರತಿಯನ್ನು 15 ದಿನದೊಳಗೆ ಪಕ್ಷಗಾರರಿಗೆ ತಲುಪಿಸಬೇಕು ಎಂದು ಕಾಯ್ದೆಯ 168ನೇ ಕಲಮೇ ಹೇಳುತ್ತದೆ. ಅದರೊಂದಿಗೆ ಕನ್ನಡದಲ್ಲಿ ಒಂದೇ ಹಾಳೆಯನ್ನು ಲಗತ್ತಿಸಲು ಹೈಕೋರ್ಟ್ ಸೂಚಿಸಲಿ: ಅವಾರ್ಡ್ ಆದ ದಿನ, 90 ದಿನ ಮುಗಿಯುವ ತಾರೀಖು, ಒಂದು ಲಕ್ಷದ ಮಿತಿ, ಹಿಡಿದ ಆದಾಯ, ಗುಣಕ, ಶೇಕಡಾ ಊನ, ಏರಿಕೆ ಸೇರಿಸಿದೆಯೋ ಇಲ್ಲವೋ, ಮತ್ತು ಯಾವ ಪೀಠಕ್ಕೆ ಹೋಗಬೇಕು. ವಿಮಾ ಕಂಪನಿಯ ಮೇಲ್ಮನವಿಯ ನೋಟಿಸಿನಲ್ಲೂ ಪ್ರತಿ ಆಕ್ಷೇಪಣೆಯ ಒಂದು ತಿಂಗಳ ಅವಧಿಯನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಲಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಉಚಿತ ವಕೀಲರನ್ನು ಪಡೆಯಲು ಅರ್ಹರು. ಅಪಘಾತದಿಂದಲೇ ಅಂಗವಿಕಲರಾದವರಿಗೂ ಇದು ಅನ್ವಯಿಸುತ್ತದೆ ಎಂಬ ಸಾಲು ಆ ಹಾಳೆಯಲ್ಲಿ ಇರಲೇಬೇಕು. ಅರ್ಜಿ ಕೊಡಬೇಕಾದ ಕಾನೂನು ಸೇವಾ ಸಮಿತಿಯ ಕಚೇರಿ ಯಾವುದು, ಅದರ ದೂರವಾಣಿ ಸಂಖ್ಯೆ ಯಾವುದು ಎಂಬುದನ್ನೂ ಅಲ್ಲೇ ಬರೆಯಲಿ.

— ಮೋಟಾರು ಅಪಘಾತ ಪರಿಹಾರ ಪ್ರಕರಣಗಳ ವಕೀಲರು, ಧಾರವಾಡ